ಇಕ್ಕೇರಿಗೆ ಬಂದ ರಾಯಭಾರ: 1623ರ ಒಂದು ಪತ್ರದ ಪರಾಮರ್ಶೆ

ಅರಸನಿಗೆ ಚಾರನೇ ಕಣ್ಣು, ದೂತನೇ ಬಾಯಿ ಎಂಬುದು ಪ್ರಾಚೀನ ನೀತಿಕಾರರ ಮತ. ಕಣ್ಣಿನ ಕೆಲಸ ಬೇರೆ, ಬಾಯಿಯ ಕೆಲಸ ಬೇರೆ ಎಂಬ ಈ ವಿಭಾಗ ಶಾಸ್ತ್ರಗ್ರಂಥಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ರಾಜ್ಯಗಳ ವ್ಯವಹಾರದಲ್ಲಿ ಎಂದೂ ಇದ್ದಂತೆ ತೋರುವುದಿಲ್ಲ. ಓಲೆಯನ್ನು ಒಪ್ಪಿಸಲೆಂದು ಬಂದವನು ದಾರಿಯುದ್ದಕ್ಕೂ ಕೋಟೆಯ ಅಗಳುಗಳನ್ನು ಎಣಿಸುತ್ತ ಬರುತ್ತಾನೆ. ಕಾಣಿಕೆಯ ಕುದುರೆಯನ್ನು ಸ್ವೀಕರಿಸಿದ ಅರಸನೂ ಆ ಕುದುರೆಯನ್ನು ನೋಡಿಯೇ ಕಳುಹಿಸಿದವನ ಬೊಕ್ಕಸದ ಸ್ಥಿತಿಯನ್ನು ಅಳೆಯುತ್ತಾನೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಯೂರೋಪಿನ ರಾಜ್ಯಗಳು ಈ ಕೆಲಸವನ್ನು ಒಂದು ಕಟ್ಟುನಿಟ್ಟಾದ ಪದ್ಧತಿಯಾಗಿಯೇ ಬೆಳೆಸಿದ್ದುವು. ವೆನಿಸ್ ಗಣರಾಜ್ಯವು ಪರರಾಜಧಾನಿಗಳಲ್ಲಿ ಖಾಯಂ ರಾಯಭಾರಿಗಳನ್ನು ಇರಿಸಿ, ಅವಧಿ ಮುಗಿಸಿ ಮರಳಿದ ಪ್ರತಿಯೊಬ್ಬನೂ ಆ ದೇಶದ ಅರಸನ ಸ್ವಭಾವ, ವರಮಾನ, ಸೈನ್ಯ, ಒಳಜಗಳ ಎಲ್ಲವನ್ನೂ ಕುರಿತು ಸೆನೆಟ್ ಸಭೆಯ ಮುಂದೆ ವರದಿ ಓದಬೇಕೆಂದು ವಿಧಿಸಿತ್ತು. ಇಂಥ ವರದಿಗಳ ರಾಶಿ ಇಂದಿಗೂ ವೆನಿಸ್ ನಗರದ ಪತ್ರಾಗಾರದಲ್ಲಿದೆ.

ಕರ್ನಾಟಕದ ಅರಮನೆಗಳಿಗೆ ಬಂದ ವಿದೇಶೀ ನಿಯೋಗಗಳ ಕಥೆ ಇದಕ್ಕಿಂತ ಚದುರಿದುದು. ಆದರೆ ವೀರಶೈವ ಧರ್ಮದ ಇತಿಹಾಸವನ್ನು ಅಭ್ಯಸಿಸುವವರಿಗೆ ಅದು ಕೇವಲ ರಾಜಕೀಯ ಕುತೂಹಲದ ವಿಷಯವಲ್ಲ. ಲಿಂಗವಂತ ಅರಸನೊಬ್ಬ ಸಿಂಹಾಸನದಲ್ಲಿ ಕುಳಿತಿದ್ದ ಕಾಲದಲ್ಲಿ ಅವನ ರಾಜಧಾನಿಯಲ್ಲಿ ವಾರಗಟ್ಟಲೆ ತಂಗಿದ್ದು, ಜಂಗಮರನ್ನು ಕಣ್ಣಾರೆ ಕಂಡು ಬರೆದ ಪತ್ರವೊಂದು ಇಂಥ ನಿಯೋಗದಿಂದಲೇ ನಮಗೆ ದೊರೆತಿದೆ. ಅದನ್ನು ಬರೆದವನು ಪಿಯೆತ್ರೊ ಡೆಲ್ಲಾ ವಾಲೆ ಎಂಬ ರೋಮ್ ನಗರದ ಕುಲೀನ. ಕೆಳದಿಯ ಚರಿತ್ರೆಯನ್ನು ಬರೆಯುವವರಲ್ಲಿ ಕೆಲವರು ಅವನ ಮಾತನ್ನು ಹಾಗೆಯೇ ಪ್ರಮಾಣವೆಂದು ಎತ್ತಿಕೊಳ್ಳುತ್ತಾರೆ. ಕೆಲವರು ಪರಮತೀಯನ ಹಗುರ ಮಾತೆಂದು ಬದಿಗೆ ಸರಿಸುತ್ತಾರೆ. ಯಾವ ಸಂಗತಿ ಅವನ ಕಣ್ಣಿಗೆ ಬಿತ್ತು, ಯಾವುದು ಕಿವಿಗೆ ಬಿತ್ತು, ಕಿವಿಗೆ ಬಿದ್ದುದು ಯಾರ ಬಾಯಿಂದ ಬಂದಿತು ಎಂದು ವಿಂಗಡಿಸದೆ ಮಾಡುವ ಈ ಎರಡು ಕ್ರಮಗಳೂ ಸಾಧುವಲ್ಲ.

ಇದಕ್ಕೆ ಒಂದು ಹಿಂದಿನ ನಿದರ್ಶನವನ್ನು ನೆನೆಯಬಹುದು. 1443ರಲ್ಲಿ ಹೆರಾತಿನ ಶಾರುಖ್ ಸುಲ್ತಾನನ ರಾಯಭಾರಿಯಾಗಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಅವನನ್ನು ಆದರಿಸಿ ನಿತ್ಯದ ವೆಚ್ಚಕ್ಕೆ ವ್ಯವಸ್ಥೆ ಮಾಡಿದ್ದ. ಕೆಲವು ಕಾಲದ ಮೇಲೆ, ಅಲ್ಲಿದ್ದ ಓರ್ಮುಸಿನ ವರ್ತಕರು ಇವನು ಶಾರುಖನಿಂದ ಬಂದವನೇ ಅಲ್ಲವೆಂಬ ಸುದ್ದಿ ಹಬ್ಬಿಸಿದರು. ಆಗ 'ದಣಾಯಕ'ನೆಂದು ಅವನು ಕರೆಯುವ ಪ್ರಧಾನಿ ಕಲಬುರಗಿಯ ರಾಜ್ಯದ ಮೇಲೆ ದಂಡಯಾತ್ರೆಗೆ ಹೋಗಿದ್ದ. ಅವನ ಸ್ಥಾನದಲ್ಲಿದ್ದವನು ರಾಯಭಾರಿಗೆ ಸಲ್ಲುತ್ತಿದ್ದ ಭತ್ಯವನ್ನು ನಿಲ್ಲಿಸಿಬಿಟ್ಟ. ಪ್ರಧಾನಿ ಮರಳಿದ ಮೇಲೆಯೇ ರಾಯಭಾರಿಯ ಮರ್ಯಾದೆ ಮತ್ತೆ ಕುದುರಿತು. ಈ ದಣಾಯಕ ಬೇರಾರೂ ಅಲ್ಲ, 'ಶಿವತತ್ತ್ವಚಿಂತಾಮಣಿ'ಯನ್ನು ರಚಿಸಿದ ಲಕ್ಕಣ್ಣ ದಂಡೇಶನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ವಚನವಾಙ್ಮಯದ ಪುನರುಜ್ಜೀವನಕ್ಕೆ ದುಡಿದ ಕೈಗಳಲ್ಲಿ ಒಂದು, ಪರದೇಶದ ದೂತನ ಸಾಚಾತನವನ್ನು ತೂಗಿ ನೋಡುವ ಕೈಯೂ ಆಗಿತ್ತೆಂಬುದು ಸ್ಮರಣೀಯ. ಮಾಹಿತಿ ಎಂದೂ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಬಂದವನು ನಾಡನ್ನು ಓದುತ್ತಿರುವಾಗ ನಾಡೂ ಬಂದವನನ್ನು ಓದುತ್ತಿರುತ್ತದೆ.

ಇನ್ನು 1623ರ ಸಂಗತಿ. ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ಹಿರಿಯ ವೆಂಕಟಪ್ಪನಾಯಕ. ವಿಜಯನಗರದ ಸಾಮಂತ ಮನೆತನವೊಂದರಲ್ಲಿ ಹುಟ್ಟಿ, ಆ ಸಾಮ್ರಾಜ್ಯ ಕುಗ್ಗಿದಂತೆಲ್ಲ ಸ್ವತಂತ್ರನಾಗಿ, ಗೇರುಸೊಪ್ಪೆಯ ರಾಜ್ಯವನ್ನು ಗೆದ್ದು, ಕರಾವಳಿಯ ಮೆಣಸಿನ ಬೆಳೆಯ ಬಹುಭಾಗವನ್ನು ತನ್ನ ಹತೋಟಿಗೆ ತಂದುಕೊಂಡಿದ್ದ. ಮೆಣಸಿಲ್ಲದೆ ಗೋವೆಯ ಪೋರ್ಚುಗೀಸರಿಗೆ ಉಸಿರಿಲ್ಲ. ಇತ್ತ ಮಂಗಳೂರಿನ ಬಂಗರಸ ಅವರ ಮಿತ್ರ. ವೆಂಕಟಪ್ಪನಾಯಕ ಅವನನ್ನು ಸೋಲಿಸಿ ನೆಲೆ ತಪ್ಪಿಸಿದ್ದ. ಮಿತ್ರನನ್ನು ಕೈಬಿಟ್ಟರೆ ಮಾನ ಹೋಗುತ್ತದೆ, ನಾಯಕನನ್ನು ಕೆಣಕಿದರೆ ಮೆಣಸು ಹೋಗುತ್ತದೆ. ಈ ಇಕ್ಕಟ್ಟಿನಲ್ಲಿ, ವಾಸ್ಕೊ ಡ ಗಾಮನ ವಂಶದವನೇ ಆಗಿದ್ದ ಗೋವೆಯ ವೈಸರಾಯ್ ಫ್ರಾನ್ಸಿಸ್ಕೊ ಡ ಗಾಮ, ಜೊವಾವ್ ಫೆರ್ನಾಂಡಿಸ್ ಲೈತಾವ್ ಎಂಬವನನ್ನು ರಾಯಭಾರಿಯಾಗಿ ಇಕ್ಕೇರಿಗೆ ಕಳುಹಿಸಿದ. ಹಿಂದಿನ ವರ್ಷ, 1622ರಲ್ಲಿ, ಪಾರಸಿಯ ಷಾ ಅಬ್ಬಾಸ್ ಇಂಗ್ಲಿಷರ ಹಡಗುಗಳ ನೆರವಿನಿಂದ ಓರ್ಮುಸನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದ. ಅರಬ್ಬೀ ಕುದುರೆಗಳು ಕನ್ನಡ ಕರಾವಳಿಗೆ ಬರುತ್ತಿದ್ದುದು ಆ ಬಂದರಿನ ಹಾದಿಯಾಗಿಯೇ. ಅಲ್ಲಿ ನಡೆದುದನ್ನು ತಿಳಿಯಲು ಇಕ್ಕೇರಿಯ ಅರಮನೆ ಗೋವೆಯವರ ಬಾಯನ್ನು ಕಾಯಬೇಕಾಗಿರಲಿಲ್ಲ.

ಡೆಲ್ಲಾ ವಾಲೆ ರಾಯಭಾರಿಯಲ್ಲ. ರಾಯಭಾರದ ಜೊತೆಗೆ ಸೇರಿಕೊಂಡ ಯಾತ್ರಿಕ. 1586ರಲ್ಲಿ ಹುಟ್ಟಿದ ಈತ 1614ರಲ್ಲಿ ವೆನಿಸನ್ನು ಬಿಟ್ಟು ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರೂಸಲೆಮ್, ಬಾಗ್ದಾದ್, ಪಾರಸಿಗಳನ್ನು ಸುತ್ತಿದ್ದ. ತುರ್ಕಿ, ಪಾರಸಿ, ಅರಬ್ಬೀ ಭಾಷೆಗಳನ್ನು ಕಲಿತಿದ್ದ. ಬಾಗ್ದಾದಿನಲ್ಲಿ ಕೈಹಿಡಿದ ಹೆಂಡತಿ ಮಾನಿ 1621ರಲ್ಲಿ ದಾರಿಯಲ್ಲೇ ತೀರಿಕೊಳ್ಳಲು, ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ, ರೋಮಿನಲ್ಲಿ ಸಮಾಧಿ ಮಾಡಬೇಕೆಂದು ಜೊತೆಯಲ್ಲೇ ಒಯ್ಯುತ್ತಿದ್ದ. ಕಂಡುದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ದೀರ್ಘ ಪತ್ರಗಳಲ್ಲಿ ಬರೆಯುವುದು ಅವನ ನಿಯಮ. ದೇಶದ ಒಳಭಾಗದಲ್ಲಿ ಹಿಂದೂ ಅರಸನೊಬ್ಬನ ಆಸ್ಥಾನವನ್ನು ನೋಡಬೇಕೆಂಬ ಆಸೆಯಿಂದಲೇ ಅವನು ಲೈತಾವನ ಜೊತೆಗೂಡಿದುದು. 1623ರ ಅಕ್ಟೋಬರ್ ಮಧ್ಯದಲ್ಲಿ ಗೋವೆಯನ್ನು ಬಿಟ್ಟ ತಂಡ ಹೊನ್ನಾವರಕ್ಕೆ ಬಂದು, ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ತಲಪಿ, ಘಟ್ಟವನ್ನು ಹತ್ತಿ ಸಾಗರದ ಮಾರ್ಗವಾಗಿ ಇಕ್ಕೇರಿಯನ್ನು ಸೇರಿತು.

ತಂಡದಲ್ಲಿ ಇನ್ನೊಬ್ಬ ಮುಖ್ಯ ವ್ಯಕ್ತಿಯಿದ್ದ. ಡೆಲ್ಲಾ ವಾಲೆ ಅವನನ್ನು 'ವಿತುಲಾ ಸಿನಾಯ್' ಎಂದು ಬರೆಯುತ್ತಾನೆ. ವಿಠಲ ಶೆಣೈ ಎಂಬುದರಲ್ಲಿ ಸಂಶಯವಿಲ್ಲ. ವೆಂಕಟಪ್ಪನಾಯಕನ ಪರವಾಗಿ ಗೋವೆಯಲ್ಲಿದ್ದ ನಿಯೋಗಿ ಈತ. ಕೊಂಕಣಿ, ಕನ್ನಡ, ಪೋರ್ಚುಗೀಸ್ ಮೂರೂ ಓಡಾಡುವ ಕರಾವಳಿಯ ವ್ಯವಹಾರದಲ್ಲಿ ಶೆಣೈಗಳು ಎರಡೂ ದಡಗಳಿಗೆ ಹಾಕಿದ ಸೇತುವೆಯಂತಿದ್ದರು. ಪೋರ್ಚುಗೀಸರ ರಾಜಕಾರಣ ಇಂಥ ಹಿಂದೂ ಮಧ್ಯಸ್ಥರನ್ನು ಎಷ್ಟರಮಟ್ಟಿಗೆ ಅವಲಂಬಿಸಿತ್ತೆಂಬುದನ್ನು ಗೋವೆಯ ಪತ್ರಾಗಾರದ ಮುಖ್ಯಸ್ಥರಾಗಿದ್ದ ಪಾಂಡುರಂಗ ಪಿಸ್ಸುರ್ಲೇಕರ್ ಅವರು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಲೈತಾವ್ ಇಕ್ಕೇರಿಯಲ್ಲಿ ಕೆಲವು ವಾರ ಮಾತ್ರ ಇದ್ದ. ವಿಠಲ ಶೆಣೈಗಾದರೋ ಗೋವೆ ವಾಸದ ಊರೇ ಆಗಿತ್ತು. ಯಾರು ಯಾರನ್ನು ಹೆಚ್ಚು ಬಲ್ಲವರಾಗಿದ್ದರೆಂಬುದನ್ನು ಇದರಿಂದಲೇ ಊಹಿಸಬಹುದು. ಇಕ್ಕೇರಿಯ ರಾಜಸಭೆಯಲ್ಲಿ ರಾಯಭಾರಿಯ ಮಾತನ್ನು ಅರಸನಿಗೂ ಅರಸನ ಮಾತನ್ನು ರಾಯಭಾರಿಗೂ ಮುಟ್ಟಿಸಿದವನೂ ಈ ಶೆಣೈಯೇ. ತನ್ನ ಸ್ವಂತ ದುಭಾಷಿಯಿಲ್ಲದೆ ಎದುರಾಳಿಯ ನಿಯೋಗಿಯ ನಾಲಗೆಯನ್ನೇ ನೆಚ್ಚಿ ಸಂಧಾನಕ್ಕೆ ಕುಳಿತ ರಾಯಭಾರಿಯ ಕೈಯಲ್ಲಿ ಎಷ್ಟು ಬಲವಿದ್ದೀತು!

ದಾರಿಯಲ್ಲಿ ಡೆಲ್ಲಾ ವಾಲೆ ಸಂಗ್ರಹಿಸಿದ ಸುದ್ದಿಗಳು ಒಂದೇ ತೂಕದವಲ್ಲ. ಗೇರುಸೊಪ್ಪೆಯ ಹಾಳು ಅರಮನೆಯನ್ನು ನೋಡಿ, ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದ ಅಲ್ಲಿಯ ರಾಣಿಯ ಪತನವನ್ನು ಕುರಿತು ಅವನೊಂದು ಕಥೆ ಬರೆದಿದ್ದಾನೆ. ಪರಸ್ಥಳದ ಹೀನನೊಬ್ಬನಿಗೆ ರಾಣಿ ಮನಸೋತಳು, ಅವನು ತಿರುಗಿಬಿದ್ದ, ಆಕೆ ವೆಂಕಟಪ್ಪನಾಯಕನ ನೆರವು ಬೇಡಿದಳು, ನೆರವಿಗೆ ಬಂದವನು ರಾಜ್ಯವನ್ನೇ ನುಂಗಿದ ಎಂಬುದು ಅದರ ಸಾರ. ಅರ್ಧ ಶತಮಾನದಷ್ಟು ಕಾಲ ರಾಜ್ಯವಾಳಿದ ಜೈನ ರಾಣಿ ಚೆನ್ನಭೈರಾದೇವಿಯ ಚರಿತ್ರೆ ಇಷ್ಟು ಸಣ್ಣ ಪ್ರಣಯಪ್ರಸಂಗವಾಗಿ ಕುಗ್ಗಿದುದು ಸೋತವರ ವಿಷಯದಲ್ಲಿ ಸಂತೆಯ ನಾಲಗೆ ಮಾಡುವ ಕೆಲಸ. ಹದಿನೇಳು ವರ್ಷಗಳ ಹಿಂದಿನ ಘಟನೆಯನ್ನು ದೋಣಿಯಲ್ಲಿ ಜೊತೆಗಿದ್ದವರ ಬಾಯಿಂದ ಕೇಳಿ ಬರೆದ ಈ ಭಾಗವನ್ನು ಚರಿತ್ರೆಯೆಂದು ಒಪ್ಪುವುದಕ್ಕಿಂತ, ಆ ಕಾಲದಲ್ಲಿ ಜನ ಏನು ಹೇಳುತ್ತಿದ್ದರೆಂಬುದಕ್ಕೆ ಸಾಕ್ಷಿಯೆಂದು ಒಪ್ಪುವುದು ಮೇಲು.

ಆದರೆ ಅದೇ ದಾರಿಯಲ್ಲಿ, ಘಟ್ಟದ ಮೇಲಿನ ಹನುಮಂತನ ಗುಡಿಯೊಂದರ ಮೊಗಸಾಲೆಯಲ್ಲಿ, ಹೊರೆಯಾಳುಗಳು ಸಿದ್ಧರಾಗುವವರೆಗೆ ಹೊತ್ತು ಕಳೆಯುತ್ತ ಕುಳಿತಾಗ ಅವನು ಕಂಡ ನೋಟದ ಬೆಲೆಯೇ ಬೇರೆ. ನಾಲ್ವರು ಹುಡುಗರು ಗುರುವಿಲ್ಲದೆ ಲೆಕ್ಕ ಕಲಿಯುತ್ತಿದ್ದರು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಅದನ್ನೇ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಅಳಿಸಿ, ಬೇಕಾದರೆ ಹೊಸ ಮರಳು ಚೆಲ್ಲಿ ಮುಂದುವರಿಯುವರು. ಡೆಲ್ಲಾ ವಾಲೆ ಇಲ್ಲಿ ಬರಿಯ ನೋಡುಗನಾಗಿ ಉಳಿಯಲಿಲ್ಲ, ಪ್ರಶ್ನೆ ಕೇಳಿದ: ಗುರುವೇ ಇಲ್ಲದಿದ್ದರೆ ತಪ್ಪಿದುದನ್ನು ತಿದ್ದುವವರು ಯಾರು? ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪಿಸುತ್ತಾನೆ ಎಂಬರ್ಥದ ಉತ್ತರ ಆ ಮಕ್ಕಳಿಂದ ಬಂದಿತು. ಈ ಉತ್ತರ ನಿಜವೆಂದು ಅವನು ಮೆಚ್ಚಿ ಬರೆದಿದ್ದಾನೆ.

ಐಗಳ ಮಠಗಳಲ್ಲಿ ಮರಳ ಮೇಲೆ ಓನಾಮ ತಿದ್ದಿ ಮಗ್ಗಿಯನ್ನು ಒಕ್ಕೊರಲಿನಿಂದ ಹಾಡಿದವರ ನೆನಪು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಅಂಥವರಿಗೆ ಡೆಲ್ಲಾ ವಾಲೆಯ ಈ ವರ್ಣನೆಯಲ್ಲಿ ಅಪರಿಚಿತವೆನ್ನುವಂಥದು ಏನೂ ಇಲ್ಲ. ಇದಾದ 170 ವರ್ಷಗಳ ಅನಂತರ ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ದೇಶೀ ಶಾಲೆಯ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿ, 1797ರಲ್ಲಿ ಅದನ್ನು ಕುರಿತು ಪುಸ್ತಕ ಬರೆದ. ಇಂಗ್ಲೆಂಡಿನ ಸಾವಿರಾರು ಬಡಮಕ್ಕಳು ಆ 'ಮದರಾಸು ಕ್ರಮ'ದಲ್ಲಿ ಅಕ್ಷರ ಕಲಿತರು. ರಾಜ್ಯಗಳ ಗುಟ್ಟನ್ನು ಹುಡುಕಲು ಹೊರಟ ರಾಯಭಾರದ ದಾರಿಬದಿಯಲ್ಲಿ, ಯಾರೂ ಗುಟ್ಟೆಂದು ಭಾವಿಸದ ಇಂಥ ವಸ್ತು ಬಿದ್ದಿತ್ತು.

ಇಕ್ಕೇರಿಯ ನಗರರಚನೆಯನ್ನು ಕುರಿತು ಅವನು ಬರೆದುದು ಪಳಗಿದ ಕಣ್ಣಿನ ಕೆಲಸ. ಮೂರು ಸುತ್ತಿನ ಆವರಣ, ಮೂರು ಬಾಗಿಲು, ಚಿಕ್ಕ ಅಗಳುಗಳು. ಹೊರಗಿನ ಎರಡು ಸುತ್ತುಗಳಲ್ಲಿ ಗೋಡೆಯ ಬದಲು ಒತ್ತಾಗಿ ಬೆಳೆಸಿದ ಎತ್ತರದ ಬಿದಿರುಮೆಳೆ, ಕಾಲಾಳಿಗೂ ಕುದುರೆಗೂ ನುಗ್ಗಲಾರದಂಥದು. ಒಳಸುತ್ತಿನ ಗೋಡೆ ಮಾತ್ರ ದುರ್ಬಲ. ಮನೆಗಳು ವಿರಳ, ಬೀದಿಗಳು ಉದ್ದ, ಎಲ್ಲೆಲ್ಲೂ ಮರಗಳ ನೆರಳು, ನೀರಿನ ಕೊಳಗಳು. ಲೈತಾವ್ ತನ್ನ ಒಡೆಯನಿಗೆ ಕಳುಹಿಸುವ ವರದಿಯಲ್ಲಿ ಇದ್ದಿರಬೇಕಾದುದೂ ಇದೇ. ಮಲೆನಾಡಿನ ಅರಸರಿಗೆ ಕಲ್ಲಿನ ಕೋಟೆಗಿಂತ ಕಾಡೇ ಕೋಟೆಯಾಗಿತ್ತೆಂಬುದನ್ನು ಈ ಬಿದಿರಿನ ಬೇಲಿ ಚೆನ್ನಾಗಿ ತಿಳಿಸುತ್ತದೆ. ಇಲ್ಲಿಯೇ ಅವನು ಹೇಳುವ ಇನ್ನೊಂದು ಮಾತು ಮನನೀಯ. ವೆಂಕಟಪ್ಪನಾಯಕನಂಥವರನ್ನು ಪೋರ್ಚುಗೀಸರು 'ರಾಜ'ರೆಂದು ಕರೆಯುವುದು ತಮ್ಮನ್ನು ತಾವು ದೊಡ್ಡವರೆಂದು ತೋರಿಸಿಕೊಳ್ಳುವುದಕ್ಕಾಗಿ ಎಂದು ಅವನ ಅಭಿಪ್ರಾಯ. ಅವನ ದೃಷ್ಟಿಯಲ್ಲಿ ಇವರು ಪಾಳೆಯಗಾರರ ಮಟ್ಟದವರು. ತನ್ನ ಜೊತೆಗಾರರ ವರದಿಗಳಲ್ಲಿ ಸ್ವಾರ್ಥ ಎಲ್ಲಿ ಅಡಗಿದೆಯೆಂಬುದನ್ನು ಅವನು ಬಲ್ಲ. ಆದರೆ ಅವನ ಅಳತೆಗೋಲೂ ಸರಿಯಾದುದೆಂದು ಹೇಳಲಾಗದು. ಷಾ ಅಬ್ಬಾಸನ ಇಸ್ಫಹಾನನ್ನು ನೋಡಿ ಬಂದ ಕಣ್ಣಿಗೆ ಇಕ್ಕೇರಿ ಚಿಕ್ಕದಾಗಿ ಕಂಡುದು ಸಹಜವಾದರೂ, ಆ ಚಿಕ್ಕ ಅರಮನೆಯ ಬಾಗಿಲಿಗೆ ಗೋವೆಯ ವೈಸರಾಯನ ರಾಯಭಾರಿಯೇ ಕಾಣಿಕೆ ಹೊತ್ತು ಬರಬೇಕಾಗಿತ್ತೆಂಬುದನ್ನು ಅವನು ತೂಕಕ್ಕೆ ಹಾಕಿಕೊಂಡಿಲ್ಲ.

ಅಘೋರೇಶ್ವರ ದೇವಾಲಯದ ಗರ್ಭಗುಡಿಯ ಕತ್ತಲೆಯಲ್ಲಿ ಮೂರ್ತಿ ತನಗೆ ಸರಿಯಾಗಿ ಕಾಣದಿರಲು, ಕೇಳಿ ತಿಳಿದು, ಒಂದೇ ತಲೆ, ಬದಿಗೆ ಹದಿನಾರರಂತೆ ಮೂವತ್ತೆರಡು ತೋಳುಗಳುಳ್ಳ ಪುರುಷಾಕಾರವೆಂದು ಬರೆದಿದ್ದಾನೆ. ಆ ಮೂಲವಿಗ್ರಹ ಇಂದು ಇಲ್ಲ. ವಿಶಾಲವಾದ ಪೀಠ ಉಳಿದಿದೆ. ಕೇಳಿದ ಮಾತಾದರೂ ಪೂಜೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಯವರಿಂದಲೇ ಕೇಳಿದುದಾದ್ದರಿಂದ ಇದಕ್ಕೆ ಗೇರುಸೊಪ್ಪೆಯ ಕಥೆಗಿಲ್ಲದ ಗೌರವ ಸಲ್ಲಬೇಕು.

ಈಗ ಜಂಗಮರ ವಿಷಯ. ಮುಖಕ್ಕೆ ಭಸ್ಮ, ತಲೆಗೆ ಇಟ್ಟಿಗೆಯ ಬಣ್ಣದ ಬಟ್ಟೆಯ ಕುಲಾವಿಯಂಥ ಹೊದಿಕೆ, ಕೈಕಾಲುಗಳಲ್ಲಿ ಬಳೆಗಳು. ಆ ಬಳೆಗಳೊಳಗೆ ಏನನ್ನೋ ತುಂಬಿರುವುದರಿಂದ ನಡೆಯುವಾಗ ಅವು ಸದ್ದು ಮಾಡುತ್ತವೆ ಎಂದು ಅವನು ವಿವರಿಸುತ್ತಾನೆ. ಇವರಿಗೆ ಹೆಂಡಿರಿದ್ದಾರೆಂದೂ, ಬೇರೆ ಕಡೆ ತಾನು ಕಂಡ ಜೋಗಿಗಳಂತೆ ಬತ್ತಲೆಯಿರುವುದಿಲ್ಲವೆಂದೂ ಗುರುತಿಸುತ್ತಾನೆ. ವಿಭೂತಿ, ಕಾವಿ, ಕಾಲಿಗೆ ಕಟ್ಟುವ ಜಂಗು, ಒಂದನ್ನೂ ಅವನ ಕಣ್ಣು ಬಿಟ್ಟಿಲ್ಲ. ಅದಕ್ಕೆ ಜಂಗೆಂಬ ಹೆಸರುಂಟೆಂದು ತಿಳಿಯದಿದ್ದರೂ ಅದರ ಸದ್ದನ್ನು ರೋಮಿನ ಓದುಗರಿಗೆ ಕೇಳಿಸಿದ್ದಾನೆ. ಮುಂದೆ ಇನ್ನೊಂದು ದೃಶ್ಯ: ಜನರು ಬಂದು ಜಂಗಮರ ಪಾದಗಳಿಗೆ ಮುತ್ತಿಟ್ಟು, ಹಣೆ ಮುಟ್ಟಿಸಿ ನಮಿಸುತ್ತಿದ್ದರೆ, ಇವರು ಅದನ್ನು ಗಮನಿಸದವರಂತೆ, ಲೋಕದ ವಿಷಯಗಳಿಂದ ದೂರ ಸರಿದವರಂತೆ, ಬಿಗಿಯಾದ ಮುಖದಿಂದ ನಿಂತಿರುತ್ತಿದ್ದರು. ಈ ಗಾಂಭೀರ್ಯ ಮೇಲುತೋರಿಕೆಯದೆಂಬ ಸಂಶಯ ಅವನ ಮಾತಿನ ಧಾಟಿಯಲ್ಲಿ ಸುಳಿಯುತ್ತದೆ.

ಭಕ್ತರಾದ ಓದುಗರಿಗೆ ಈ ಧಾಟಿ ನೋವುಂಟುಮಾಡುವುದು ಸಹಜ. ಆದರೆ ನೋಟವನ್ನೂ ಅದಕ್ಕೆ ಕೊಟ್ಟ ಅರ್ಥವನ್ನೂ ಬೇರ್ಪಡಿಸಿದರೆ ನೋಟದಲ್ಲಿ ದೋಷವಿಲ್ಲ. ನಮಸ್ಕಾರ ಸಲ್ಲುವುದು ಎದುರಿಗೆ ನಿಂತ ವ್ಯಕ್ತಿಗಲ್ಲ, ಜಂಗಮತ್ವಕ್ಕೆ. ಆದ್ದರಿಂದ ಅದನ್ನು ತನ್ನದೆಂದು ಸ್ವೀಕರಿಸಿ ಹಿಗ್ಗುವುದಾಗಲಿ, ಬೇಡವೆಂದು ನಾಚುವುದಾಗಲಿ ಜಂಗಮನಾದವನಿಗೆ ಸಲ್ಲದು. ಶರಣರ ವಚನಗಳಲ್ಲಿ ಪಳಗಿದವರಿಗೆ ತಿಳಿದಿರುವ ಈ ತತ್ತ್ವ ಕನ್ನಡದಿಂದ ಪೋರ್ಚುಗೀಸಿಗೆ, ಅಲ್ಲಿಂದ ಇಟಾಲಿಯನ್ನಿಗೆ ಇಳಿಯುವ ದುಭಾಷಿಯ ಏಣಿಯಲ್ಲಿ ದಾಟಿ ಹೋಗುವಂಥದಾಗಿರಲಿಲ್ಲ. ವೇಷವನ್ನು ಮಾತ್ರ ಹೊತ್ತ ಜಂಗಮರನ್ನು ಹನ್ನೆರಡನೆಯ ಶತಮಾನದ ವಚನಕಾರರೇ ಡೆಲ್ಲಾ ವಾಲೆಗಿಂತ ನೂರು ಮಡಿ ಕಠಿಣವಾಗಿ ಪರೀಕ್ಷಿಸಿದ್ದಾರೆಂಬುದನ್ನೂ ಮರೆಯಲಾಗದು. ಪರದೇಶದವನಿಗೆ ಬಂದ ಸಂಶಯ ನಮ್ಮವರಿಗೆ ಹೊಸದಲ್ಲ. ಅದನ್ನು ಪರಿಹರಿಸುವ ಒರೆಗಲ್ಲು ಮಾತ್ರ ಅವನ ಕೈಯಲ್ಲಿರಲಿಲ್ಲ. ಜಂಗಮರ ಹಿರಿಯರೊಬ್ಬರು ಪಲ್ಲಕ್ಕಿಯಲ್ಲಿ ವಾದ್ಯವೈಭವದೊಡನೆ ಸಾಗಿದುದನ್ನೂ ಅವನು ಬರೆದಿದ್ದಾನೆ. ಕೆಳದಿಯ ಅರಸರು ಗುರುಪೀಠಗಳಿಗೆ ಸಲ್ಲಿಸುತ್ತಿದ್ದ ಗೌರವವನ್ನು ಆಸ್ಥಾನಕವಿಗಳು ಹೊಗಳಿ ಹಾಡಿದ್ದಾರೆ. ಹೊಗಳುವ ಋಣವಿಲ್ಲದ ಹೊರಗಿನವನೊಬ್ಬ ಅದನ್ನೇ ದೃಢಪಡಿಸಿದಾಗ ಕವಿವಾಕ್ಯಕ್ಕೂ ಬಲ ಬರುತ್ತದೆ.

ಅರಮನೆಯ ಒಳಗಿನ ಸುದ್ದಿಯನ್ನೂ ಅವನು ಬಿಟ್ಟಿಲ್ಲ. ಅರಸ ಲಿಂಗವಂತ, ಮಾಂಸ ಮದ್ಯಗಳನ್ನು ಮುಟ್ಟುವುದಿಲ್ಲ ಎಂದು ಹೇಳಿ, ಹಿರಿಯ ರಾಣಿ ಭದ್ರಮ್ಮನ ಪ್ರಸಂಗವನ್ನು ಬರೆಯುತ್ತಾನೆ. ಅರಸನು ಮುಸಲ್ಮಾನ ಸ್ತ್ರೀಯೊಬ್ಬಳ ಸಂಗ ಮಾಡಿದುದನ್ನು ತಿಳಿದ ರಾಣಿ, ಆಚಾರವಂತೆಯಾದ ತನಗೆ ಇನ್ನು ದಾಂಪತ್ಯ ಸಲ್ಲದೆಂದು ಹೇಳಿ, ಮುಂದೆ ಅವನಿಗೆ ಮಗಳಂತೆ ಇರುವೆನೆಂದು ಪ್ರತಿಜ್ಞೆ ಮಾಡಿ ಹಾಗೆಯೇ ಬಾಳಿದಳಂತೆ. ಅಂತಃಪುರದ ಮಾತು ಪರದೇಶದ ಅತಿಥಿಯ ಕಿವಿಗೆ ಯಾವ ದಾರಿಯಿಂದ ಬಂದೀತು? ಊಳಿಗದವರ ಪಿಸುಮಾತು, ರಾಯಭಾರಿಯ ಕಡೆಯವರ ಹರಟೆ, ಎರಡರಲ್ಲೊಂದು. ಆದ್ದರಿಂದ ಘಟನೆ ನಡೆದ ರೀತಿಗೆ ಇದು ಪ್ರಮಾಣವಾಗದು. ಆದರೂ ಹರಟೆಯಲ್ಲಿ ಸುಳ್ಳು ಬೆರೆಯುವಾಗಲೂ ಅದು ಜನ ನಂಬಬಲ್ಲ ಸುಳ್ಳಾಗಿರಬೇಕು. ರಾಣಿಯ ಆಚಾರನಿಷ್ಠೆ ರಾಜನ ಇಚ್ಛೆಗಿಂತ ಮೇಲು, ಅದಕ್ಕೆ ರಾಜನೂ ತಲೆಬಾಗಿದ ಎಂದು ಇಕ್ಕೇರಿಯ ಬೀದಿಯಲ್ಲಿ ಜನ ನಂಬಿ ಆಡಿಕೊಳ್ಳುತ್ತಿದ್ದರೆಂಬಷ್ಟು ಇದರಿಂದ ವಿದಿತವಾಗುತ್ತದೆ.

ಇದೇ ಊರಿನಲ್ಲಿ ಗಂಡನೊಡನೆ ಸಹಗಮನ ಮಾಡಲು ನಿಶ್ಚಯಿಸಿದ್ದ ಜಕ್ಕಮ್ಮನೆಂಬ ತೆಲುಗು ಹೆಂಗಸಿನ ಮನೆಗೆ ಹೋಗಿ, ದುಭಾಷಿಯ ಮೂಲಕ ಮಾತಾಡಿ, ಚಿಕ್ಕ ಮಕ್ಕಳ ಹೆಸರು ಹೇಳಿ ಅವಳ ಮನಸ್ಸನ್ನು ತಿರುಗಿಸಲು ಅವನು ಯತ್ನಿಸಿ ಸೋತ. ಅವಳ ಗಂಡ ಅರಸನಲ್ಲ, ಮಂತ್ರಿಯಲ್ಲ, ಒಬ್ಬ ವಾದ್ಯಗಾರ. ಯಾವ ರಾಯಭಾರಿಯ ವರದಿಯಲ್ಲೂ ಆ ಹೆಣ್ಣಿನ ಹೆಸರು ಬರುವಂತಿರಲಿಲ್ಲ.

ಮತ್ತೊಂದು ಸಂಗತಿ ಹಗುರವೆನಿಸಿದರೂ ಬಿಡಲಾಗದು. ನವೆಂಬರ್ ತಿಂಗಳಲ್ಲಿ ಇಕ್ಕೇರಿಯ ಬೀದಿಗಳಲ್ಲಿ ಸಂಜೆ ಹುಡುಗಿಯರ ಗುಂಪುಗಳು ಬಣ್ಣದ ಚಿಕ್ಕ ಕೋಲುಗಳನ್ನು ತಾಳಕ್ಕೆ ತಟ್ಟುತ್ತ ಹಾಡಿ ಕುಣಿಯುವುದನ್ನು ಅವನು ಕಂಡ. ಗೌರಿಯ ಹಬ್ಬವೆಂದು ಅವನಿಗೆ ತಿಳಿಸಿದರು. ಕಾರ್ತಿಕದ ಗೌರಿಹುಣ್ಣಿಮೆಯ ಆಚರಣೆಯಿರಬೇಕೆಂದು ಊಹಿಸುವುದು ಸಹಜ. ಒಬ್ಬಳು ಒಂದೊಂದು ನುಡಿ ಹೇಳಿದಂತೆ ಉಳಿದವರೆಲ್ಲ 'ಕೋಲೆ' ಎಂಬ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಆ ಮಾತಿನ ಅರ್ಥ ತನಗೆ ತಿಳಿಯದು, ಹರ್ಷಸೂಚಕವಾದ ಪದವಿರಬೇಕು ಎಂದು ಬರೆದುಕೊಂಡಿದ್ದಾನೆ. ಮೂರು ನಾಲ್ಕು ಪೌರ್ವಾತ್ಯ ಭಾಷೆಗಳನ್ನು ಕಲಿತ ಪಂಡಿತ, ಹುಡುಗಿಯರ ಕೈಯಲ್ಲಿ ಆಡುತ್ತಿದ್ದ ಕೋಲನ್ನೇ ನೋಡುತ್ತ ನಿಂತು, ಅದರ ಹೆಸರನ್ನೇ ಕಿವಿಯಾರೆ ಕೇಳುತ್ತ, ಎರಡನ್ನೂ ಕೂಡಿಸದೆ ಹೋದ! ಇಕ್ಕೇರಿಯಿಂದ ನಂದಿಬೆಟ್ಟದ ಅಡಿಯ ಮುದ್ದೇನಹಳ್ಳಿಯವರೆಗೆ ಕೋಲಾಟ ಬಲ್ಲ ಯಾವ ಊರಿನ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಗುಡಿಯ ಮೊಗಸಾಲೆಯಲ್ಲಿ ಹುಡುಗರನ್ನು ಕೇಳಿದ, ಇಲ್ಲಿ ಕೇಳಲಿಲ್ಲ. ಶಬ್ದವನ್ನು ಮಾತ್ರ ತಪ್ಪಿಲ್ಲದೆ ಬರೆದಿಟ್ಟ. ಅರ್ಥ ತಿಳಿಯದೆಂದು ಒಪ್ಪಿಕೊಂಡು ಶಬ್ದವನ್ನು ಹಾಗೆಯೇ ಕಾದಿರಿಸಿದ ಈ ಪ್ರಾಮಾಣಿಕತೆಯಿಂದಲೇ, ಸುಮಾರು ನಾನೂರು ವರ್ಷಗಳ ಹಿಂದೆ ಕೋಲಾಟದ ಪಲ್ಲವಿ ಇಂದಿನಂತೆಯೇ ಇತ್ತೆಂಬುದು ಜಾನಪದದ ವಿದ್ಯಾರ್ಥಿಗಳಿಗೆ ದೊರೆಯುವಂತಾಗಿದೆ. ತಿಳಿದವನಂತೆ ಅನುವಾದಿಸಿಬಿಟ್ಟಿದ್ದರೆ ಅದೂ ಕಳೆಯುತ್ತಿತ್ತು.

ರಾಯಭಾರದ ಫಲವೇನೆಂದರೆ ಹೇಳಿಕೊಳ್ಳುವಂಥದು ಆಗಲಿಲ್ಲ. ಲೈತಾವನ ಮಾತುಕತೆ ಎಳೆಯುತ್ತ ಹೋಯಿತು; ಡೆಲ್ಲಾ ವಾಲೆ ನವೆಂಬರ್ 22ರಂದು ಇಕ್ಕೇರಿಯಿಂದ ಪತ್ರ ಬರೆದು, ಅವನನ್ನು ಅಲ್ಲಿಯೇ ಬಿಟ್ಟು ಘಟ್ಟವಿಳಿದು ಬಸರೂರಿನ ಮಾರ್ಗವಾಗಿ ಮಂಗಳೂರಿಗೆ ಹೋದ. ಅಲ್ಲಿ ಡಿಸೆಂಬರಿನಲ್ಲಿ, ಬಂಗರಸನ ವೈರಿಯೂ ವೆಂಕಟಪ್ಪನಾಯಕನ ಪಕ್ಷದವಳೂ ಆದ ಉಳ್ಳಾಲದ ರಾಣಿಯನ್ನು ಕಾಣಲು ಮಣೇಲಿಗೆ ಹೋದಾಗ, ಆಕೆ ಬರಿಗಾಲಲ್ಲಿ ನಡೆದು ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ಉಡುಗೆಯಿಂದ ಅಡುಗೆಯ ಹೆಂಗಸೆಂದು ಕಾಣುತ್ತಿದ್ದರೂ ಮಾತಿನಿಂದ ರಾಣಿಯೆಂದು ತಿಳಿಯುತ್ತಿತ್ತೆಂದು ಅವನು ಬರೆಯುತ್ತಾನೆ. ಇಲ್ಲಿ ಪ್ರಶ್ನೆಗಳನ್ನು ಹಾಕಿದವಳು ಆಕೆ: ಎಲ್ಲಿಂದ ಬಂದೆ, ಯಾವ ಯಾವ ದೇಶಗಳನ್ನು ಕಂಡೆ, ಈ ಚಿಕ್ಕ ಊರಿಗೆ ಬರುವಂತೆ ನಿನ್ನನ್ನು ಪ್ರೇರಿಸಿದುದೇನು? ಪೋರ್ಚುಗೀಸರ ಕೋಟೆಯ ಸಮೀಪದಲ್ಲಿ ಬಾಳುವ ಅರಸಿ ಗೋವೆಯ ಕಡೆಯಿಂದ ಬಂದ ಬಿಳಿಯನನ್ನು ಹೀಗೆ ವಿಚಾರಿಸಿದುದು ಕೇವಲ ಉಪಚಾರದ ಮಾತೆಂದು ಭಾವಿಸಲಾಗದು.

ಕೆಳದಿಯ ಪಕ್ಷದಿಂದ ಈ ರಾಯಭಾರವನ್ನು ಕುರಿತ ಮಾತನ್ನು ಹುಡುಕಹೊರಟರೆ ಮುಖ್ಯವಾಗಿ ಕೈಗೆ ಸಿಗುವುದು ಕಾವ್ಯ. ಬಸವಪ್ಪನಾಯಕನ 'ಶಿವತತ್ತ್ವರತ್ನಾಕರ' ಹದಿನೆಂಟನೆಯ ಶತಮಾನದ ಆದಿಯದು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ಅದಕ್ಕೂ ಈಚಿನದು. ಅರಸರ ಶೌರ್ಯ, ದಾನ, ಶಿವಭಕ್ತಿಗಳನ್ನು ಹೇಳಲು ಹೊರಟ ಕೃತಿಗಳಲ್ಲಿ, ಗೋವೆಯ ಪೇಟೆಯಲ್ಲಿ ಕುಳಿತು ಹಡಗುಗಳನ್ನು ಎಣಿಸುತ್ತಿದ್ದ ನಿಯೋಗಿಯೊಬ್ಬನ ದುಡಿಮೆಗೆ ಜಾಗವಿರುವುದು ಕಷ್ಟ. ಆದರೆ ಅಂಥವರ ದುಡಿಮೆಯಿಲ್ಲದೆ ಮುಂದಿನದು ನಡೆದಿರಲಾರದು. 1629ರಲ್ಲಿ ವೆಂಕಟಪ್ಪನಾಯಕ ತೀರಿಕೊಂಡ. ಅವನ ಮೊಮ್ಮಗ ವೀರಭದ್ರನಾಯಕ 1631ರಲ್ಲಿ ಪೋರ್ಚುಗೀಸರೊಡನೆ ಕೌಲು ಮಾಡಿಕೊಂಡ. 1637ರಲ್ಲಿ ಇಂಗ್ಲಿಷರು ಮೆಣಸಿನ ವ್ಯಾಪಾರಕ್ಕೆ ಅಪ್ಪಣೆ ಬೇಡಿ ಇಕ್ಕೇರಿಗೆ ಬಂದರು, ಅವರ ತಂಡದಲ್ಲಿದ್ದ ಪೀಟರ್ ಮಂಡಿ ತನ್ನ ದಿನಚರಿಯಲ್ಲಿ ಅದನ್ನು ಬರೆದಿಟ್ಟ. ಒಬ್ಬ ಪರದೇಶಿಯನ್ನು ಇನ್ನೊಬ್ಬನ ಎದುರಿಗೆ ತೂಗುವ ಕಲೆ ಅಷ್ಟು ಹೊತ್ತಿಗೆ ಆ ಅರಮನೆಗೆ ಚೆನ್ನಾಗಿ ಕರಗತವಾಗಿತ್ತು. ಕೊನೆಗೆ ಶಿವಪ್ಪನಾಯಕ, ಪೋರ್ಚುಗೀಸರಿಗೆ ಹೊಸ ಸೈನ್ಯ ಬರಲಾರದ ಸಮಯವನ್ನು ಸರಿಯಾಗಿ ಅರಿತು, 1652ರಿಂದ 1654ರ ಒಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳಿಂದ ಅವರನ್ನು ಹೊರಡಿಸಿದ.

ಹೊನ್ನಾವರದ ಕೋಟೆ ಕೈಬಿಟ್ಟಾಗ ಡೆಲ್ಲಾ ವಾಲೆ ಬದುಕಿರಲಿಲ್ಲ. 1652ರ ಏಪ್ರಿಲಿನಲ್ಲಿ ರೋಮಿನಲ್ಲಿ ತೀರಿಕೊಂಡಿದ್ದ. ಬಿದಿರಿನ ಬೇಲಿ, ಮರಳಿನ ಮಗ್ಗಿ, ಜಂಗಿನ ಸದ್ದು, ಅರ್ಥ ತಿಳಿಯದ 'ಕೋಲೆ' ಎಲ್ಲವನ್ನೂ ಹೊತ್ತ ಅವನ ಹಿಂದೂಸ್ಥಾನದ ಪತ್ರಗಳು ಅಚ್ಚಾದುದು 1663ರಲ್ಲಿ.